ಎರಡು ಒಲೆಗಳ ನಡುವೆ: ಕುಟುಂಬ ಸಂಶೋಧನೆಯ ಒಂದು ಓದು

ಜನಗಣತಿಯ ಕೈಪಿಡಿಯ ಪ್ರಕಾರ ಕುಟುಂಬ ಅಂದರೆ ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಿಂದ ಉಣ್ಣುವವರ ಗುಂಪು. ರಕ್ತಸಂಬಂಧ ಇರಲೇಬೇಕೆಂದೇನೂ ಇಲ್ಲ. ಒಂದೇ ಒಲೆಯ ಅನ್ನ ಉಂಡರೆ ಆಯಿತು, ಒಂದು ಕುಟುಂಬ. ಫಲವಂತಿಕೆ, ಮದುವೆಯ ವಯಸ್ಸು, ಮಕ್ಕಳ ಓದು ಇವನ್ನೆಲ್ಲ ಅಳೆಯುವ ನಮ್ಮ ಸಮಾಜವಿಜ್ಞಾನ ಈ ಒಲೆಯಿಂದಲೇ ಶುರುವಾಗುತ್ತದೆ. ಯಾರ ಒಲೆಯ ಅನ್ನವನ್ನು ಯಾರು ಉಣ್ಣಬಾರದು ಎಂಬುದರ ಮೇಲೆಯೇ ಕಟ್ಟಿ ನಿಲ್ಲಿಸಿದ ಸಮಾಜವನ್ನು ಇಂಥ ಅಳತೆಗೋಲು ಹಿಡಿದು ಅಳೆಯಲು ಹೋದವರಿಗೆ ಏನು ಕಂಡಿತು, ಏನು ಕಾಣಲಿಲ್ಲ? ಇದನ್ನು ಕೇಳುವುದು ದಲಿತ ವಿಮರ್ಶೆಯ ಕೆಲಸವೆಂದೇ ನಾನು ತಿಳಿದಿದ್ದೇನೆ. ವಿಮರ್ಶೆ ಎಂದರೆ ಕತೆ ಕಾದಂಬರಿಗಳದ್ದೇ ಆಗಬೇಕೆ? ನಮ್ಮನ್ನು ಕುರಿತು ಬರೆದ ಪುಟಗಳಲ್ಲಿ ಕಾದಂಬರಿಗಳಿಗಿಂತ ಸರ್ವೆ ವರದಿಗಳೇ ಹೆಚ್ಚು. ಅವುಗಳಲ್ಲೂ ಕಥಾಸೂತ್ರವಿದೆ, ನಾಯಕಿಯಿದ್ದಾಳೆ, ಹೇಳದೆ ಬಿಟ್ಟ ಮಾತುಗಳಿವೆ.

ಈ ಅಳತೆಗೋಲು ಹಿಡಿದವರಲ್ಲಿ ನಾನೂ ಒಬ್ಬ ಎಂದು ಮೊದಲೇ ಹೇಳಿಬಿಡುವುದು ವಾಸಿ. ತೊಂಬತ್ತರ ದಶಕದ ನಡುವೆ ಸಮಾಜಶಾಸ್ತ್ರದ ಎಂ.ಎ. ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದಾಗ ಒಂದು ಸಂಸ್ಥೆಯ ಸರ್ವೆಗೆ ದಿನಗೂಲಿಯ ಮೇಲೆ ಸೇರಿಕೊಂಡಿದ್ದೆ. ಜಯನಗರ, ಬನಶಂಕರಿ, ಜೆ.ಪಿ.ನಗರದ ಮನೆಗಳು ನನ್ನ ಪಾಲಿಗೆ ಬಂದವು. ಬೆಳಿಗ್ಗೆ ಬ್ಲಾಕಿನ ಮನೆಗಳು, ಮಧ್ಯಾಹ್ನದ ಮೇಲೆ ಅದೇ ಬ್ಲಾಕಿನ ಬೆನ್ನಿಗಿದ್ದ ಸ್ಲಮ್ಮು. ಕೈಯಲ್ಲಿ ಒಂದೇ ಪ್ರಶ್ನಾವಳಿ.

ಜಯನಗರದ ಒಂದು ಮನೆ. ಯಜಮಾನರು ಬ್ಯಾಂಕು, ಮನೆಯಾಕೆ ಬಿ.ಎಸ್ಸಿ. ಒಳಗೆ ಕರೆದು ಕೂರಿಸಿದರು. ಹೆಸರು ಕೇಳಿದರು, ಹೆಸರಿನಿಂದ ಏನೂ ಹೊಳೆಯದೆ, 'ನೀವು ಯಾವ ಪೈಕಿ?' ಎಂದರು. 'ಮಂಡ್ಯದ ಕಡೆಯವರು' ಎಂದೆ. ಅಷ್ಟಕ್ಕೆ ಬಿಟ್ಟರು. (ಪ್ರಶ್ನೆ ಕೇಳುವುದು ನನ್ನ ಕೆಲಸವಾಗಿತ್ತು, ಉತ್ತರ ಕೊಡುವುದಲ್ಲ ಎಂದು ಆಗ ಸಮಾಧಾನ ಮಾಡಿಕೊಂಡಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.) 'ಮನೇಲಿ ಎಷ್ಟು ಜನ ಇದೀರಿ ಮೇಡಂ?' 'ನಾಲ್ಕೇ ಜನ. ನಾವಿಬ್ಬರು, ಇಬ್ಬರು ಮಕ್ಕಳು.' ಹೊತ್ತಿಗೆ ಸರಿಯಾಗಿ ಹನ್ನೆರಡು ಹದಿಮೂರರ ಒಂದು ಹುಡುಗಿ ಒಳಗಿನಿಂದ ನೀರು ತಂದಿಟ್ಟಳು. 'ಈ ಹುಡುಗಿ?' 'ಅಯ್ಯೋ, ಅವಳನ್ಯಾಕೆ ಬರೀತೀರಿ. ಕೆಲಸಕ್ಕಿರೋಳು. ಅವಳು ನಮ್ಮೋಳಲ್ಲ.' ಕೈಪಿಡಿಯನ್ನು ನಾನು ಬಾಯಿಪಾಠ ಮಾಡಿದ್ದವನು. 'ಇಲ್ಲೇ ಮಲಗ್ತಾಳಾ?' 'ಹೂಂ, ಅಡುಗೆಮನೇಲಿ.' 'ಊಟ?' 'ಊಟ ಇನ್ನೆಲ್ಲಿ, ಇಲ್ಲೇ. ಅವಳ ತಟ್ಟೆ ಲೋಟ ಬೇರೆ ಇದೆ.' ಒಂದೇ ಒಲೆ, ಒಂದೇ ಸೂರು. ಐದನೆಯ ಸಾಲಿನಲ್ಲಿ ಹುಡುಗಿಯ ಹೆಸರು ಬರೆದುಕೊಂಡೆ. ಶಾಲೆಗೆ ಹೋಗುತ್ತಾಳೆಯೇ ಎಂಬ ಕಾಲಮ್ಮಿನಲ್ಲಿ 'ಇಲ್ಲ' ಎಂದು ತುಂಬಿದೆ.

ಸಂಜೆ ಮೇಲ್ವಿಚಾರಕರು ಆ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದರು. ಅವರು ಕೆಟ್ಟ ಮನುಷ್ಯರೇನಲ್ಲ. 'ನೋಡಪ್ಪಾ, ತಾಯಿ ಬಿ.ಎಸ್ಸಿ, ಮನೇಲಿರೋ ಹದಿಮೂರು ವರ್ಷದ ಮಗು ಶಾಲೆಗೆ ಹೋಗಲ್ಲ ಅಂತ ಟೇಬಲ್ಲಿನಲ್ಲಿ ಬಂದರೆ ಡಾಟಾ ಕೆಟ್ಟುಹೋಗುತ್ತೆ' ಎಂದರು. ಆ ಹುಡುಗಿಯ ಊರಲ್ಲಿ, ಕನಕಪುರದ ಆಚೆಯ ಅವಳ ಅವ್ವನ ಮನೆಯಲ್ಲಿ, ಯಾರಾದರೂ ಸರ್ವೆಗೆ ಹೋಗಿದ್ದರೆ ಅಲ್ಲೂ ಅವಳ ಹೆಸರು ಬರುತ್ತಿರಲಿಲ್ಲ. ಸಾಮಾನ್ಯವಾಗಿ ಅಲ್ಲಿ ವಾಸಿಸುವವಳಲ್ಲವಲ್ಲ! ಹೀಗೆ ಅವಳು ಎರಡು ಒಲೆಗಳ ನಡುವೆ ಬಿದ್ದುಹೋದಳು. ಜಯನಗರದ ಮನೆ 'ಚಿಕ್ಕ ಕುಟುಂಬ, ವಿದ್ಯಾವಂತ ತಾಯಿ, ಓದುವ ಮಕ್ಕಳು' ಎಂಬ ಖಾನೆಯಲ್ಲಿ ಸರಿಯಾಗಿ ಕುಳಿತುಕೊಂಡಿತು. ಹದಿನಾಲ್ಕಕ್ಕೆ ಕೆಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. ಅಂದರೆ ನಾನು ನೋಡಿದ್ದು ಆಗ ಕಾನೂನಿನ ಪ್ರಕಾರ ಅಪರಾಧವೂ ಆಗಿರಲಿಲ್ಲ, ಅಂಕಿಅಂಶವೂ ಆಗಲಿಲ್ಲ.

ಮೇಲ್ವಿಚಾರಕರ ಆ ಕೆಂಪು ಗೆರೆಗೆ ಒಂದು ಚರಿತ್ರೆಯಿದೆ. ಬೆಂಗಳೂರು ಕುಟುಂಬ ಸಂಶೋಧನೆಯ ಹಳೆಯ ಊರು. ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಒಂದು ಸರ್ಕಾರ ತಾನೇ ಮುಂದಾಗಿ ಇಂಥದನ್ನು ತೆರೆದದ್ದು ಜಗತ್ತಿನಲ್ಲೇ ಮೊದಲೆಂದು ಹೇಳುತ್ತಾರೆ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ ಮೈಸೂರು ರಾಜ್ಯದಲ್ಲಿ ದೊಡ್ಡದೊಂದು ಜನಸಂಖ್ಯಾ ಅಧ್ಯಯನ ನಡೆಸಿದವು. ಅದರ ವರದಿ 1961ರಲ್ಲಿ ಬಂತು. ಹೈಸ್ಕೂಲು ದಾಟಿ ಓದಿದ ಹೆಂಗಸರಿಗೆ ಮಕ್ಕಳು ಕಡಿಮೆ ಎಂಬುದು ಅದರ ಹೆಸರಾದ ತೀರ್ಮಾನಗಳಲ್ಲೊಂದು. ಮುಂದೆ ಜಗತ್ತಿನ ಎಷ್ಟೋ ಕಡೆ ಈ ಮಾತು ಪುನರುಕ್ತವಾಯಿತು: ಹೆಣ್ಣುಮಕ್ಕಳನ್ನು ಓದಿಸಿ, ಮಕ್ಕಳು ಕಡಿಮೆಯಾಗುತ್ತವೆ.

ಆದರೆ 1951ರ ಬೆಂಗಳೂರಿನಲ್ಲಿ ಹೈಸ್ಕೂಲು ದಾಟಿದ ಹೆಂಗಸರು ಯಾರು? ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಮೇಲ್ಜಾತಿಯವರು, ದಂಡುಪ್ರದೇಶದ ಕ್ರೈಸ್ತರು. ಜಯನಗರ ಆಗಷ್ಟೇ, 1948ರಲ್ಲಿ, ಕಾಗದದ ಮೇಲೆ ಹುಟ್ಟಿತ್ತು. ಆ ದಿನಗಳಲ್ಲಿ 'ವಿದ್ಯಾವಂತ ಮಹಿಳೆ' ಎಂಬುದು ಹೆಚ್ಚುಕಡಿಮೆ ಒಂದು ಜಾತಿಯ ಹೆಸರು. ಗುಮಾಸ್ತಿಕೆ, ಪಿಂಚಣಿ, ಸ್ವಂತ ಮನೆ, ಸಂಬಂಧಿಕರಲ್ಲಿ ಇಬ್ಬರು ಡಾಕ್ಟರು, ಕಸಮುಸುರೆಗೆ ಹಿಂಬಾಗಿಲಿನಿಂದ ಬರುವ ಇನ್ನೊಬ್ಬ ಹೆಂಗಸು, ಇವೆಲ್ಲದರ ಒಟ್ಟು ಹೆಸರು 'ಶಿಕ್ಷಣ' ಎಂದಾಯಿತು. ಜಾತಿ ಎಂಬುದು 'ಹಿನ್ನೆಲೆಯ ಅಂಶ' ಎಂಬ ಕಾಲಮ್ಮಿಗೆ ಹೋಯಿತು. ಶಿಕ್ಷಣದಿಂದ ಏನೂ ಆಗಲಿಲ್ಲ ಎನ್ನುವ ಮಾತಲ್ಲ ಇದು. ಓದಿದ ಹೆಣ್ಣಿಗೆ ಗಂಡನೆದುರು ಒಂದು ಮಾತಾಡುವ ಧೈರ್ಯ ಬರುತ್ತದೆ, ಮಗು ಕಾಯಿಲೆ ಬಿದ್ದರೆ ಆಸ್ಪತ್ರೆಯಲ್ಲಿ ಕೇಳುವ ಬಾಯಿ ಬರುತ್ತದೆ. ಅದನ್ನು ನಮ್ಮ ಕೇರಿಯಲ್ಲೇ ಕಂಡಿದ್ದೇನೆ. ನನ್ನ ತಕರಾರಿರುವುದು ಇಡೀ ವ್ಯವಸ್ಥೆಯೊಂದು ಮಾಡಿದ ಕೆಲಸವನ್ನು ಒಬ್ಬ ತಾಯಿಯ ಪುಸ್ತಕದ ಲೆಕ್ಕಕ್ಕೆ ಬರೆದುಬಿಡುವುದರ ಬಗ್ಗೆ.

ಕರ್ನಾಟಕದ ಮಣ್ಣಿನಲ್ಲೇ ನಡೆದ ಇನ್ನೊಂದು ಸಂಶೋಧನೆಯನ್ನು ಇಲ್ಲಿ ಸ್ವಲ್ಪ ನಿಂತು ಓದಬೇಕು. ಆಸ್ಟ್ರೇಲಿಯಾದ ಜೆ.ಸಿ. ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಪಾಪ್ಯುಲೇಷನ್ ಸೆಂಟರಿನ ಪಿ.ಎಚ್. ರೆಡ್ಡಿ ಎಪ್ಪತ್ತರ ದಶಕದ ಕೊನೆ ಮತ್ತು ಎಂಬತ್ತರ ದಶಕದಲ್ಲಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡಿದರು. 1988ರಲ್ಲಿ ಅವರ 'ದಿ ಕಾಸಸ್ ಆಫ್ ಡೆಮೊಗ್ರಾಫಿಕ್ ಚೇಂಜ್' ಪುಸ್ತಕ ಬಂತು. ಇದು ಒಳ್ಳೆಯ ಪುಸ್ತಕ. ಪ್ರಶ್ನಾವಳಿ ಎಸೆದು ಓಡಿಹೋಗುವವರ ಹಾಗೆ ಮಾಡದೆ, ಹಳ್ಳಿಯಲ್ಲಿ ಉಳಿದು, ಅತ್ತೆ ಸೊಸೆಯರ ಜೊತೆ ಬೇರೆಬೇರೆಯಾಗಿ ಮಾತಾಡಿ ಬರೆದದ್ದು. ಮದುವೆಯ ವಯಸ್ಸು ಏರಿದ್ದು, ತೆರ ಕೊಟ್ಟು ಹೆಣ್ಣು ತರುತ್ತಿದ್ದ ಕಡೆ ವರದಕ್ಷಿಣೆ ಬಂದದ್ದು, ಗಂಡುಮಕ್ಕಳನ್ನು ಓದಿಸಿ ಪಟ್ಟಣದ ಕೆಲಸಕ್ಕೆ ಹಾಕಬೇಕೆಂಬ ಆಸೆ, ಇವೆಲ್ಲ ಒಂದಕ್ಕೊಂದು ಹೇಗೆ ತಳುಕು ಹಾಕಿಕೊಂಡಿವೆ ಎಂದು ಅವರು ತೋರಿಸುತ್ತಾರೆ. ತೆರದ ಮಾತು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ನಮ್ಮಜ್ಜಿಗೆ ತೆರ ಕೊಟ್ಟಿದ್ದರಂತೆ. ನಮ್ಮ ಅಕ್ಕನಿಗೆ ನಾವು ಸ್ಕೂಟರ್ ಕೊಟ್ಟೆವು. ಹುಡುಗ ಡಿಗ್ರಿ ಓದಿದವನು ಎಂಬ ಒಂದೇ ಕಾರಣಕ್ಕೆ.

ಕಾಲ್ಡ್‌ವೆಲ್ ಅವರ ಹೆಸರಾದ ಸಿದ್ಧಾಂತ ಒಂದಿದೆ, ಸಂಪತ್ತಿನ ಹರಿವಿನ ಸಿದ್ಧಾಂತ. ನೈಜೀರಿಯಾದಲ್ಲಿ ಕೆಲಸ ಮಾಡುವಾಗ ಹುಟ್ಟಿದ್ದು, 1976ರಲ್ಲಿ ಮಂಡಿಸಿದ್ದು. ಸರಳವಾಗಿ ಹೇಳುವುದಾದರೆ ಹೀಗೆ: ಹಳೆಯ ಕುಟುಂಬದಲ್ಲಿ ಮಕ್ಕಳ ದುಡಿಮೆ ಮೇಲಕ್ಕೆ, ಹಿರಿಯರ ಕಡೆಗೆ ಹರಿಯುತ್ತದೆ, ಆದ್ದರಿಂದ ಹೆಚ್ಚು ಮಕ್ಕಳು ಲಾಭ. ಶಾಲೆ ಬಂದಮೇಲೆ ಹರಿವು ತಿರುಗುತ್ತದೆ. ತಂದೆತಾಯಿಯ ದುಡ್ಡು ಕೆಳಕ್ಕೆ, ಮಕ್ಕಳ ಫೀಸಿಗೆ, ಪುಸ್ತಕಕ್ಕೆ, ಯೂನಿಫಾರಂಗೆ ಹರಿಯುತ್ತದೆ. ಮಕ್ಕಳು ಖರ್ಚಿನ ಬಾಬ್ತಾದ ಮೇಲೆ ಜನ ಕಡಿಮೆ ಹೆರುತ್ತಾರೆ.

ಮೇಲಕ್ಕೊಂದು ಬಾಣ, ಕೆಳಕ್ಕೊಂದು ಬಾಣ. ಇದರಲ್ಲಿ ಎಂಟು ವರ್ಷಕ್ಕೆ ಗೌಡರ ಮನೆಗೆ ಜೀತಕ್ಕೆ ಬಿಟ್ಟ ಹುಡುಗನನ್ನು ಎಲ್ಲಿ ಇಡುವುದು? ಅವನ ದುಡಿಮೆ ಅಪ್ಪನ ಕಡೆ ಹರಿಯಲಿಲ್ಲ. ಅಪ್ಪ ಮಾಡಿದ ಸಾಲದ ಬಡ್ಡಿಗೆ ಅದು ಅಡ್ಡಲಾಗಿ ಹರಿದು ಊರೊಳಗಿನ ಹಟ್ಟಿ ಸೇರಿತು. ಆ ದುಡಿಮೆಯ ಬಲದಿಂದ ಗೌಡರ ಮಗ ಹೊಲದ ಕೆಲಸ ಬಿಟ್ಟು ಹೈಸ್ಕೂಲಿಗೆ ಹೋದ. ಆಮೇಲೆ ಬೆಂಗಳೂರಿಗೆ ಬಂದ, ಬನಶಂಕರಿಯಲ್ಲಿ ಸೈಟು ತಗೊಂಡ, ಎರಡೇ ಮಕ್ಕಳು ಮಾಡಿಕೊಂಡ. ಜೀತದ ಕಾಯಿದೆ 1976ರಲ್ಲಿ ಬಂತು. ಆದರೆ ಅಡ್ಡ ಹರಿವು ನಿಂತಿತೇ? ನಾನು ಜಯನಗರದ ಅಡುಗೆಮನೆಯಲ್ಲಿ ಕಂಡ ಹುಡುಗಿ ಅದೇ ಕಾಲುವೆಯ ನೀರು. ಕುಟುಂಬವನ್ನು ಒಂದೊಂದೇ ಒಲೆಯಾಗಿ ಬಿಡಿಸಿ ಇಟ್ಟು, ಒಲೆಯೊಳಗಿನ ಕೊಡುಕೊಳ್ಳುವಿಕೆಯನ್ನು ಮಾತ್ರ ಅಳೆಯುವವರಿಗೆ ಒಲೆಯಿಂದ ಒಲೆಗೆ ಹರಿಯುವುದು ಕಾಣುವುದಿಲ್ಲ. ಒಂದು ಕುಟುಂಬ ಚಿಕ್ಕದಾಗಿ, ಚೊಕ್ಕಟವಾಗಿ, ವಿದ್ಯಾವಂತವಾಗಿ ರೂಪುಗೊಳ್ಳಲು ಇನ್ನೊಂದು ಕುಟುಂಬ ಏನನ್ನು ಬಿಟ್ಟುಕೊಟ್ಟಿತು? ಇದು ಪ್ರಶ್ನಾವಳಿಯಲ್ಲಿಲ್ಲದ ಪ್ರಶ್ನೆ.

ಅದೇ ಸರ್ವೆಯ ಮಧ್ಯಾಹ್ನಗಳಿಗೆ ಬರುತ್ತೇನೆ. ರಾಗಿಗುಡ್ಡದ ಬುಡದಲ್ಲಿ ಆಗಿನ್ನೂ ಗುಡಿಸಲು, ಶೀಟಿನ ಮನೆಗಳಿದ್ದವು. (ಕಟ್ಟಡಗಳು ಬಂದದ್ದು ಬಹಳ ಆಮೇಲೆ, ಕೇಂದ್ರದ ನರ್ಮ್ ಯೋಜನೆಯಲ್ಲಿ.) ಬೆಳಿಗ್ಗೆ ಮೂರು ಮನೆ ಮುಸುರೆ ತಿಕ್ಕಿ ಬಂದಿದ್ದ ಒಬ್ಬಾಕೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

'ಎಷ್ಟು ಜನ ಮಕ್ಕಳಕ್ಕ?'

'ಇಬ್ರು ಕಣಪ್ಪ. ಆಪ್ರೇಷನ್ ಆಗೈತೆ.'

'ಎಷ್ಟು ವಯಸ್ಸಿಗೆ ಮಾಡಿಸ್ಕೊಂಡ್ರಿ?'

'ಎರಡನೇದು ಹುಟ್ಟಿದ್ ಕೂಡ್ಲೆ. ಇಪ್ಪತ್ತೊಂದೋ ಇಪ್ಪತ್ತೆರಡೋ. ಮಾಡಿಸ್ದೆ ಹೋದ್ರೆ ಮನೆಗೆ ಕಳ್ಸಲ್ಲ ಅಂದ್ರು ಆಸ್ಪತ್ರೇಲಿ.'

'ಮಕ್ಕಳು ಓದ್ತಿದಾವಾ?'

ಅಕ್ಕಿ ಆರಿಸುವುದನ್ನು ನಿಲ್ಲಿಸಿ ಒಂದು ಗಳಿಗೆ ನನ್ನ ಮುಖ ನೋಡಿದಳು. 'ದೊಡ್ಡೋನು ಎಸ್ಸೆಲ್ಸಿ ಫೇಲಾಗಿ ಗಾರೆ ಕೆಲ್ಸಕ್ಕೆ ಹೋಯ್ತಾನೆ. ಮಗ್ಳು ಗಾರ್ಮೆಂಟ್ಸು. ಎರಡೇ ಮಾಡ್ಕಳಮ್ಮ, ಚೆನ್ನಾಗಿ ಓದಿಸ್ಬೋದು ಅಂತ ನರ್ಸಮ್ಮ ಹೇಳಿದ್ಲು. ಅವ್ಳು ಹೇಳಿದ್ರಾಗೆ ಅರ್ಧ ನಾನು ಮಾಡ್ದೆ. ಇನ್ನರ್ಧ ಯಾರ್ ಮಾಡ್ಬೇಕಿತ್ತೋ!'

ಈ ಒಂದು ಮಾತಿನಲ್ಲಿ ಇಡೀ ಸಿದ್ಧಾಂತದ ವಿಮರ್ಶೆಯಿದೆ. ಅಂಕಿಗಳೂ ಅವಳ ಮಾತನ್ನೇ ಹೇಳುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1998-99ರಲ್ಲಿ ದೇಶದ ಪರಿಶಿಷ್ಟ ಜಾತಿಯ ಹೆಂಗಸಿಗೆ ಸರಾಸರಿ 3.15 ಮಕ್ಕಳು, ಮೇಲ್ಜಾತಿಗಳನ್ನೊಳಗೊಂಡ 'ಇತರರಿಗೆ' 2.66. 2019-21ರ ಹೊತ್ತಿಗೆ ಅದು 2.08 ಮತ್ತು 1.93. ಅಂತರ ಮುಚ್ಚಿಹೋದಂತೆಯೇ. ಕರ್ನಾಟಕದಲ್ಲಿ ಎಲ್ಲ ಜನವರ್ಗ ಸೇರಿ 1992-93ರಲ್ಲಿ 2.85 ಇದ್ದದ್ದು 2019-21ಕ್ಕೆ 1.7. ಇನ್ನು ಓದಿನ ಕಡೆ ನೋಡಿ. ಕರ್ನಾಟಕದ ಸಾಕ್ಷರತೆ 1991ರಲ್ಲಿ ನೂರಕ್ಕೆ 56, ಪರಿಶಿಷ್ಟ ಜಾತಿಗಳದ್ದು 38. 2011ರಲ್ಲಿ ಒಟ್ಟು 75, ನಮ್ಮದು 65. ಇಪ್ಪತ್ತು ವರ್ಷದಲ್ಲಿ ಹದಿನೆಂಟರ ಅಂತರ ಹತ್ತಕ್ಕಿಳಿಯಿತು, ಒಪ್ಪೋಣ. ಆದರೆ ಸಾಕ್ಷರತೆ ಎಂದರೆ ಅಕ್ಷರ ಕೂಡಿಸಿ ಓದಿ ಬರೆಯುವುದಷ್ಟೆ. ಆ ಹತ್ತೂ ಉಳಿದದ್ದು ಅಷ್ಟು ಕೆಳಗಿನ ಮೆಟ್ಟಿಲಲ್ಲಿ. ಕಾನ್ವೆಂಟು, ಪಿಯುಸಿ ಸೈನ್ಸು, ಟ್ಯೂಷನ್ನು, ಇಂಜಿನಿಯರಿಂಗ್ ಎಂದು ಮೆಟ್ಟಿಲು ಏರಿದ ಹಾಗೆಲ್ಲ ಜಯನಗರದ ಮನೆಗೂ ಅದರ ಬೆನ್ನಿಗಿರುವ ಮನೆಗೂ ನಡುವಿನ ದೂರ ಎಷ್ಟೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಚಿಕ್ಕ ಸಂಸಾರ ಸಿಕ್ಕಿತು, ಅದರ ಹಿಂದೆ ಬರುತ್ತದೆಂದ ಓದು ಅಷ್ಟೇ ಬೇಗ ಬರಲಿಲ್ಲ. ಯಾಕೆ? ನಮ್ಮ ಕೇರಿಗಳಲ್ಲಿ ಮಕ್ಕಳು ಕಡಿಮೆಯಾದದ್ದು ಸಿದ್ಧಾಂತ ಹೇಳಿದ ದಾರಿಯಲ್ಲಲ್ಲ. ಕತ್ತರಿಯಿಂದ ಆಯಿತು. 2019-21ರಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ನೂರಕ್ಕೆ ಒಂದೂ ಇಲ್ಲ. ಮೊದಲ ಸಲ ಈ ಅಂಕಿ ಓದಿದಾಗ ಅಚ್ಚಿನ ತಪ್ಪಿರಬಹುದೆಂದುಕೊಂಡೆ. ಗಂಡಸರ ಆಪರೇಷನ್ ಸುಲಭ, ಅಪಾಯವೂ ಕಡಿಮೆ ಎಂದು ಡಾಕ್ಟರುಗಳೇ ಹೇಳುತ್ತಾರೆ. ದಲಿತ ಗಂಡಸರಾದ ನಾವು ಇದನ್ನು ಮೇಲ್ಜಾತಿಯ ಪಿತೂರಿ ಎಂದು ತಳ್ಳಿಹಾಕುವಂತಿಲ್ಲ. ಆ ಸೊನ್ನೆಯಲ್ಲಿ ನಾವೂ ಇದ್ದೇವೆ.

ಆಗಿನ ಗೋಡೆಬರಹಗಳ ಭಾಷೆಯನ್ನೂ ಒಂದು ಮಾತು ಆಡಬೇಕು. 'ಆರತಿಗೊಂದು, ಕೀರ್ತಿಗೊಂದು' ಎಂದು ಬರೆಯುತ್ತಿದ್ದರು. ಹೆಣ್ಣುಮಗು ಆರತಿ ಎತ್ತಲಿಕ್ಕೆ, ಗಂಡುಮಗು ಕೀರ್ತಿ ತರಲಿಕ್ಕೆ. ಆರತಿ ತಟ್ಟೆ ಯಾರ ಮನೆಯದು? ದೇವಸ್ಥಾನದ ಹೊರಗೆ ನಿಂತವರ ಮಕ್ಕಳಿಗೆ ಅದನ್ನು ಎತ್ತುವ ಭಾಗ್ಯ ಎಲ್ಲಿ ಬಂತು? ಒಂದು ಜಾತಿಯ ಸೌಭಾಗ್ಯದ ಕಲ್ಪನೆ ಇಡೀ ನಾಡಿನ ಆದರ್ಶ ಕುಟುಂಬವಾಗಿ ಗೋಡೆ ಏರಿತು. ಅದನ್ನು ಸಾಧಿಸಲು ಬೇಕಾದ ಕತ್ತರಿ ಮಾತ್ರ ಕೇರಿಗೆ ಬಂತು.

ಈ ಮಾತು ಕೇಳಿ ಯಾರಾದರೂ ದಲಿತರು ಹೆಚ್ಚು ಮಕ್ಕಳು ಹೆರಬೇಕೆನ್ನುತ್ತೀಯಾ ಎಂದು ಕೇಳಬಹುದು. ಬಾಬಾಸಾಹೇಬರನ್ನು ಓದಿದವರಿಗೆ ಆ ಗೊಂದಲ ಬೇಡ. 1938ರ ನವೆಂಬರಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಸೌಲಭ್ಯ ಜನರಿಗೆ ಸಿಗಬೇಕೆಂಬ ನಿರ್ಣಯವನ್ನು ಅವರ ಪರವಾಗಿ ಅವರ ಪಕ್ಷದ ಪಿ.ಜೆ. ರೋಹಮ್ ಮಂಡಿಸಿದರು. ಸಭೆ ಅದನ್ನು ಸೋಲಿಸಿತು. ಹೆರಲೋ ಬೇಡವೋ ಎಂಬುದು ಹೆಣ್ಣಿನ ಕೈಗೆ ಬರಬೇಕೆಂಬ ಆ ಬೇಡಿಕೆಗೂ, ಹೆರಿಗೆ ವಾರ್ಡಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕೂ ನಡುವೆ ಅಜಗಜಾಂತರವಿದೆ.

ಇನ್ನೂ ಹಿಂದಕ್ಕೆ ಹೋಗೋಣ. 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿಚಾರಗೋಷ್ಠಿಯಲ್ಲಿ ಅಂಬೇಡ್ಕರ್ 'ಭಾರತದಲ್ಲಿ ಜಾತಿಗಳು' ಪ್ರಬಂಧ ಓದಿದರು. ಅದನ್ನು ನಾವು ಜಾತಿಯ ಹುಟ್ಟಿನ ಪ್ರಬಂಧವೆಂದು ಓದುತ್ತೇವೆ. ನನ್ನ ಮಟ್ಟಿಗೆ ಅದು ಕುಟುಂಬ ರಚನೆಯ ಮೊದಲ ನಿಜವಾದ ಜನಸಂಖ್ಯಾ ವಿಶ್ಲೇಷಣೆ. ಒಳಮದುವೆಯ ಗುಂಪಿನಲ್ಲಿ ಗಂಡು ಹೆಣ್ಣಿನ ಲೆಕ್ಕ ಸರಿದೂಗಬೇಕು. ಗಂಡ ಸತ್ತರೆ ಹೆಂಡತಿ 'ಹೆಚ್ಚುವರಿ'ಯಾಗುತ್ತಾಳೆ, ಹೆಂಡತಿ ಸತ್ತರೆ ಗಂಡ. ಈ ಹೆಚ್ಚುವರಿ ಹೆಣ್ಣನ್ನು ಏನು ಮಾಡುವುದು? ಸುಡು, ಇಲ್ಲವೇ ವಿಧವೆಯಾಗಿ ಮೂಲೆಗೆ ಕೂರಿಸು. ಹೆಚ್ಚುವರಿ ಗಂಡಿಗೆ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹೆಣ್ಣು ತಂದುಕೊಡು. ಸತಿ, ವೈಧವ್ಯ, ಬಾಲ್ಯವಿವಾಹ ಮೂರೂ ಜಾತಿಯ ಗೋಡೆ ಕಾಯುವ ಲೆಕ್ಕಾಚಾರದಿಂದ ಬಂದವು. ಮದುವೆಯ ವಯಸ್ಸು, ಮಕ್ಕಳ ಸಂಖ್ಯೆ ಇವುಗಳ ಹಿಂದೆ ಜಾತಿ 'ಹಿನ್ನೆಲೆ'ಯಾಗಿಲ್ಲ, ಯಂತ್ರವಾಗಿಯೇ ಇದೆ ಎಂದು ಇಪ್ಪತ್ತೈದರ ಆ ತರುಣ ಹೇಳಿದ. ದೇಶದ ಮಾನವ ಅಭಿವೃದ್ಧಿ ಸಮೀಕ್ಷೆಗಳಲ್ಲಿ ಬೇರೆ ಜಾತಿಯಲ್ಲಿ ಮದುವೆಯಾದೆವೆಂದವರು ಈ ಶತಮಾನದಲ್ಲೂ ನೂರಕ್ಕೆ ಐದರ ಆಸುಪಾಸು. ಓದು ಏರಿದೆ, ಮಕ್ಕಳು ಇಳಿದಿವೆ, ಈ ಐದು ಮಾತ್ರ ಕದಲಿಲ್ಲ. ಇದರ ಕಾರಣ ಹುಡುಕುವ ಸಂಶೋಧನೆಗೆ ಯಾವ ವಿಶ್ವಬ್ಯಾಂಕೂ ದುಡ್ಡು ಕೊಟ್ಟದ್ದನ್ನು ನಾನು ಕಾಣೆ.

ಹಾಗಾದರೆ ನಮ್ಮಲ್ಲಿ ಓದಿದವರು ಹೇಗೆ ಓದಿದರು? ಸಿದ್ದಲಿಂಗಯ್ಯನವರ 'ಊರುಕೇರಿ'ಯನ್ನು ನಾನು ಈ ಪ್ರಶ್ನೆಗೆ ಉತ್ತರವಾಗಿ ಓದುತ್ತೇನೆ. ಮಾಗಡಿ ಕಡೆಯಿಂದ ಬೆಂಗಳೂರಿನ ಶ್ರೀರಾಂಪುರಕ್ಕೆ ಬಂದ ಕುಟುಂಬದ ಹುಡುಗನನ್ನು ಓದಿಸಿದ್ದರಲ್ಲಿ ಕುಟುಂಬದ ಗಾತ್ರಕ್ಕಿಂತ ಗೋಪಾಲಪುರದ ಹಾಸ್ಟೆಲಿನ ಪಾಲು ದೊಡ್ಡದು. ನನ್ನ ತಲೆಮಾರಿನವರನ್ನು ಕೇಳಿ: ಅಪ್ಪ ಅವ್ವನಿಗೆ ನಾವು ಐದೋ ಆರೋ ಮಕ್ಕಳು, ಓದಿದವರು ಹಾಸ್ಟೆಲ್ಲಿಗೆ ಸೀಟು ಸಿಕ್ಕವರು. ನೂರು ಹುಡುಗರಿಗೆ ಒಂದೇ ಒಲೆ, ಹುಳ ಬಿದ್ದ ಬೇಳೆ, ನೀರು ಸಾರು, ಆದರೂ ಮೂರು ಹೊತ್ತು. ಜನಗಣತಿಯ ಭಾಷೆಯಲ್ಲಿ ಹಾಸ್ಟೆಲು 'ಸಾಂಸ್ಥಿಕ ಕುಟುಂಬ'. ಫಲವಂತಿಕೆ ಮತ್ತು ಶಿಕ್ಷಣದ ಸಂಬಂಧ ಹುಡುಕುವ ಸಮೀಕ್ಷೆಗಳು ಮನೆಮನೆಗೆ ಹೋಗುತ್ತವೆ, ಅದನ್ನು ಪಕ್ಕಕ್ಕಿಡುತ್ತವೆ. ದಲಿತರ ಓದಿನ ಇತಿಹಾಸ ಇರುವುದು ಆ ಪಕ್ಕಕ್ಕಿಟ್ಟದ್ದರಲ್ಲಿ.

ದೇವನೂರರ 'ಒಡಲಾಳ'ದ ಸಾಕವ್ವನ ಮನೆಯನ್ನೂ ನೆನೆಯಬೇಕು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ತುಂಬಿದ ಆ ಮನೆಯಲ್ಲಿ ಒಂದು ರಾತ್ರಿ ಕದ್ದು ತಂದ ಕಡ್ಳೆಕಾಯಿಯನ್ನು ಎಲ್ಲರೂ ಸುತ್ತ ಕೂತು ತಿನ್ನುತ್ತಾರೆ, ಬೆಳಗಾಗುವುದರೊಳಗೆ ಸಿಪ್ಪೆ ಇಲ್ಲವಾಗುತ್ತದೆ. ಸಾಲಾಗಿ ಹೆಸರು, ವಯಸ್ಸು, ಸಂಬಂಧ ಬರೆದುಕೊಂಡು ಹೋದರೆ ಅದು ಒಂದು 'ದೊಡ್ಡ ಗಾತ್ರದ ಕುಟುಂಬ'. ಅಲ್ಲಿ ಜಗಳವಿದೆ, ಹಂಚುವುದಿದೆ, ಹಸಿವಿದೆ, ಪೊಲೀಸರು ನುಗ್ಗುವುದಿದೆ. ಆ ಮನೆಯ ದುಡಿಮೆ ಯಾರ ಕಣ ಸೇರಿತು ಎಂಬುದು ಕತೆಯಲ್ಲಿ ಒಂದು ಕಡ್ಳೆಕಾಯಿ ಮೂಟೆಯಿಂದ ಗೊತ್ತಾಗುತ್ತದೆ. ಸಮಾಜಶಾಸ್ತ್ರದ ಎಷ್ಟೋ ಟೇಬಲ್ಲುಗಳಿಂದ ಗೊತ್ತಾಗುವುದಿಲ್ಲ. ಕತೆಗಾರರು ಸಮಾಜಶಾಸ್ತ್ರಜ್ಞರಿಗಿಂತ ದೊಡ್ಡವರು ಎಂಬ ಹಳೆಯ ಹೆಮ್ಮೆಯಿಂದ ಇದನ್ನು ಹೇಳುತ್ತಿಲ್ಲ. ಎಂ.ಎನ್. ಶ್ರೀನಿವಾಸರ 'ನೆನಪಿನ ಹಳ್ಳಿ'ಯೂ ಕತೆಯಂತೆಯೇ ಓದಿಸಿಕೊಳ್ಳುತ್ತದೆ. 1970ರಲ್ಲಿ ಟಿಪ್ಪಣಿಗಳು ಸುಟ್ಟುಹೋದಮೇಲೆ ನೆನಪಿನಿಂದ ಬರೆದ ಪುಸ್ತಕ. ಆದರೆ ಊರಿನ ಯಜಮಾನನ ಜಗಲಿಯಿಂದ ಎಷ್ಟು ಕಾಣುತ್ತದೋ ಅಷ್ಟೇ ಅದರಲ್ಲಿ ನೆನಪಾಗಿದೆ. ಎಲ್ಲಿ ಕುಳಿತು ನೋಡಿದರು ಎಂಬುದೇ ಮುಖ್ಯ.

ದಕ್ಷಿಣ ಬೆಂಗಳೂರಿನಲ್ಲಿ ಎರಡು ಒಲೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಒಂದು ಸಣ್ಣ ಅವಕಾಶ ನಡುವೆ ಬಂದಿತ್ತು. ಶಿಕ್ಷಣ ಹಕ್ಕು ಕಾಯಿದೆಯಡಿ 2012ರಿಂದ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸೀಟು ಬಡವರ, ಹಿಂದುಳಿದವರ ಮಕ್ಕಳಿಗೆ. ಅದೇ ವರ್ಷ ಬೆಂಗಳೂರಿನ ಒಂದು ಶಾಲೆಯಲ್ಲಿ ಆ ಮಕ್ಕಳ ಗುರುತಿಗೆ ಕೂದಲು ಕತ್ತರಿಸಿದರೆಂಬ ಆರೋಪ ಪತ್ರಿಕೆಗಳಲ್ಲಿ ಬಂತು. ಆದರೂ ಬೀದಿ ಗುಡಿಸುವವರ ಮಕ್ಕಳು ಅದೇ ಬೀದಿಯ ಶಾಲೆಯೊಳಕ್ಕೆ ಹೋದದ್ದನ್ನು ನಾನು ಕಂಡಿದ್ದೇನೆ. 2018ರ ಕೊನೆಗೆ ರಾಜ್ಯ ಸರ್ಕಾರ ನಿಯಮ ತಿದ್ದಿತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ. ಜಯನಗರದಂಥ ಕಡೆ ಹತ್ತಿರದಲ್ಲಿ ಒಂದಲ್ಲ ಒಂದು ಸರ್ಕಾರಿ ಶಾಲೆ ಇದ್ದೇ ಇರುತ್ತದೆ. 2019ರಿಂದ ಬಾಗಿಲು ಮುಚ್ಚಿದಂತಾಯಿತು. ಸಿದ್ಧಾಂತ ಹೇಳಿದಂತೆ ಎರಡೇ ಮಕ್ಕಳು ಮಾಡಿಕೊಂಡವರ ಎರಡು ಮಕ್ಕಳಿಗೆ ಹೀಗಾಯಿತು.

ಇತ್ತೀಚೆಗೆ ಇನ್ನೊಂದು ಮಾತು ಶುರುವಾಗಿದೆ. ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಾದರೆ ಜನಸಂಖ್ಯೆ ಹಿಡಿತದಲ್ಲಿಟ್ಟ ದಕ್ಷಿಣಕ್ಕೆ ಅನ್ಯಾಯವಾಗುತ್ತದೆ ಎಂಬ ವಾದ. ಅನ್ಯಾಯ ನಿಜ. 2024ರ ಅಕ್ಟೋಬರಿನಲ್ಲಿ ಆಂಧ್ರ, ತಮಿಳುನಾಡುಗಳ ಮುಖ್ಯಮಂತ್ರಿಗಳಿಬ್ಬರೂ ಹೆಚ್ಚು ಮಕ್ಕಳು ಮಾಡಿಕೊಳ್ಳುವ ಮಾತಾಡಿದರು. 'ನಾವು ಸಾಧಿಸಿದೆವು' ಎನ್ನುತ್ತಾರೆ ಎಲ್ಲರೂ. ಯಾರು ಆ ನಾವು? ರಾಗಿಗುಡ್ಡದ ಆ ಹೆಂಗಸು ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸಿಗೆ ಮೇಜಿನ ಮೇಲೆ ಮಲಗಿ ಸಾಧಿಸಿದ್ದು ಈಗ ರಾಜ್ಯದ ಕೀರ್ತಿ. ಸೀಟು ಕಡಿಮೆಯಾಗುತ್ತದೆ ಎಂದಾಕ್ಷಣ ಮತ್ತೆ ಹೆರಿ ಎಂದರೆ, ಹೆರುವುದೂ ಅವಳ ಮಗಳೇ ಆಗಬೇಕೇನೋ.

2025ರಲ್ಲಿ ನಮ್ಮ ಬಾಗಿಲಿಗೆ ಎರಡು ಸಮೀಕ್ಷೆಗಳು ಬಂದವು. ಮೊದಲನೆಯದು ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ್ದು. ಬೆಂಗಳೂರಿನಲ್ಲಿ ಮನೆಯವರನ್ನು ಮಾತಾಡಿಸದೆಯೇ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿಹೋದರೆಂಬ ದೂರುಗಳು ಬಂದವು. ಬಾಡಿಗೆ ಮನೆಯಲ್ಲಿ ಜಾತಿ ಮುಚ್ಚಿಟ್ಟು ಬದುಕುವ ನಮ್ಮವರು ಎಷ್ಟೋ ಜನ ಓನರ್ ಕೇಳಿಸಿಕೊಳ್ಳುತ್ತಾರೆಂದು ಬಾಗಿಲಲ್ಲಿ ಬಾಯಿ ಬಿಡಲಿಲ್ಲ. ಬಿಟಿಎಂ ಲೇಔಟಿನಲ್ಲಿರುವ ನನ್ನ ಗೆಳೆಯನೊಬ್ಬ, ಸಾಫ್ಟ್‌ವೇರ್ ಇಂಜಿನಿಯರ್, ಒಂದು ಮಗುವಿನ ತಂದೆ, ಗಣತಿದಾರರನ್ನು ಕೆಳಗಿನ ಕಾಫಿ ಅಂಗಡಿಗೆ ಕರೆದುಕೊಂಡು ಹೋಗಿ ಉತ್ತರ ಬರೆಸಿದ. ಚಿಕ್ಕ ಕುಟುಂಬ, ಉನ್ನತ ಶಿಕ್ಷಣ, ಸಿದ್ಧಾಂತ ಕೇಳಿದ್ದೆಲ್ಲ ಅವನಲ್ಲಿದೆ. ಮೂವತ್ತು ವರ್ಷದ ಹಿಂದೆ 'ಮಂಡ್ಯದ ಕಡೆಯವರು' ಎಂದಿದ್ದ ನಾನು ಅವನಿಗೇನು ಹೇಳಲಿ?

ಎರಡನೆಯದು ಸೆಪ್ಟೆಂಬರ್ 22ರಿಂದ ಶುರುವಾದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. 60 ಪ್ರಶ್ನೆಗಳು. ಗಣತಿದಾರರು ಬಹುಪಾಲು ಸರ್ಕಾರಿ, ಅನುದಾನಿತ ಶಾಲೆಗಳ ಮೇಷ್ಟ್ರುಗಳು. ಕೆಲಸ ಮುಗಿಯಲಿಲ್ಲವೆಂದು ಆ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಖಾಸಗಿ ಶಾಲೆಗಳ ಬಸ್ಸುಗಳು ಓಡಾಡುತ್ತಿದ್ದವು. ಆ ದಿನಗಳಲ್ಲಿ ಒಂದು ಬೆಳಿಗ್ಗೆ ಸಾರಕ್ಕಿ ಮಾರ್ಕೆಟಿನ ಹತ್ತಿರ ನಮ್ಮ ಪರಿಚಯದ ಒಬ್ಬಾಕೆ ಮನೆಗೆಲಸಕ್ಕೆ ಹೋಗುತ್ತ ಸಿಕ್ಕಳು. ಜೊತೆಯಲ್ಲಿ ಆರನೇ ಕ್ಲಾಸಿನ ಮಗಳು, ಕೈಯಲ್ಲಿ ಖಾಲಿ ಬುತ್ತಿ. 'ಯಾಕಮ್ಮ, ಸ್ಕೂಲಿಲ್ವ?' ಎಂದೆ.

'ಇಲ್ಲ ಮಾವ. ಮೇಷ್ಟ್ರೆಲ್ಲ ಸರ್ವೆಗೆ ಹೋಗವ್ರೆ' ಎಂದು ಹೇಳಿ ಹುಡುಗಿ ಅವ್ವನ ಹಿಂದೆ ರಸ್ತೆ ದಾಟಿ ಹೋಯಿತು.